ಹಳೆಯ ಮಲಬದ್ಧತೆ, ಮಲ ಸೋರಿಕೆ, ಗುದದ ನೋವು: ಬಯೋಫೀಡ್‌ಬ್ಯಾಕ್ ಯಾರಿಗೆ, ಔಷಧಿ ಯಾರಿಗೆ, ಶಸ್ತ್ರಚಿಕಿತ್ಸೆ ಯಾರಿಗೆ?

ವರ್ಷಗಟ್ಟಲೆ ಮಲಬದ್ಧತೆ ಅನುಭವಿಸಿದವರು, ಮಲ ತಡೆಯಲಾಗದೆ ಮನೆಯಿಂದ ಹೊರಬೀಳಲು ಅಂಜುವವರು, ಕೂತಲ್ಲಿ ಗುದದೊಳಗೆ ಹಿಂಡಿದಂಥ ನೋವು ಎನ್ನುವವರು, ಎಲ್ಲರದೂ ಕೊನೆಗೆ ಒಂದೇ ಗೊಂದಲ. ಒಬ್ಬ ವೈದ್ಯರು ಬಯೋಫೀಡ್‌ಬ್ಯಾಕ್, ಅಂದರೆ ಗುದದ ಸ್ನಾಯುವಿನ ಕೆಲಸವನ್ನು ಪರದೆಯಲ್ಲಿ ತೋರಿಸಿ ಕಲಿಸುವ ತರಬೇತಿ, ಮಾಡಿಸಿ ಅಂದಿರುತ್ತಾರೆ. ಇನ್ನೊಬ್ಬರು ಔಷಧಿ ಮುಂದುವರಿಸಿದರೆ ಸಾಕು ಅಂದಿರುತ್ತಾರೆ. ಮತ್ತೊಬ್ಬರು ಶಸ್ತ್ರಚಿಕಿತ್ಸೆಯ ಮಾತೆತ್ತಿರುತ್ತಾರೆ. ಮೂರೂ ಸಲಹೆಗಳಿಗೆ ಅವುಗಳದ್ದೇ ಆದ ರೋಗಿಗಳಿದ್ದಾರೆ. ಆ ರೋಗಿ ನೀವು ಹೌದೋ ಅಲ್ಲವೋ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಅದು ತಿಳಿಯದೆ ಚಿಕಿತ್ಸೆ ಆರಿಸಿಕೊಂಡು ದುಡ್ಡು, ಕಾಲ, ಧೈರ್ಯ ಮೂರನ್ನೂ ಕಳೆದುಕೊಳ್ಳುವವರು ಬಹಳ ಮಂದಿ. ಆ ನಷ್ಟ ತಪ್ಪಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಯಾವುದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು?

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ದೋಷ ಎಲ್ಲಿದೆ ಎಂಬುದು. ದೊಡ್ಡ ಕರುಳು ನಿಧಾನವಾಗಿ ಸಾಗುತ್ತಿದೆಯೇ, ಕೆಳಗಿನ ಸ್ನಾಯುಗಳು ಸಡಿಲಾಗುತ್ತಿಲ್ಲವೇ, ಗುದದ ಸ್ನಾಯು ದುರ್ಬಲವಾಗಿದೆಯೇ, ಮಲಾಶಯ ತುಂಬಿದ್ದು ಗೊತ್ತೇ ಆಗುತ್ತಿಲ್ಲವೇ? ಎರಡನೆಯದು, ಆ ದೋಷಕ್ಕೆ ಆ ಚಿಕಿತ್ಸೆ ಫಲ ಕೊಟ್ಟಿದೆ ಎಂಬುದಕ್ಕೆ ಸರಿಯಾದ ಪ್ರಯೋಗಗಳ ಆಧಾರ ಎಷ್ಟಿದೆ ಎಂಬುದು. ಮೂರನೆಯದು, ಮಾಡಿಸಿಕೊಂಡ ಮೇಲೆ ಬೇಡವೆನಿಸಿದರೆ ಹಿಂದಕ್ಕೆ ಬರಲು ದಾರಿ ಇದೆಯೇ ಎಂಬುದು. ಮಾತ್ರೆಯನ್ನು ನಾಳೆಯೇ ನಿಲ್ಲಿಸಬಹುದು, ಕೊಯ್ದ ಸ್ನಾಯುವನ್ನು ಮೊದಲಿನಂತೆ ಮಾಡಲಾಗದು. ಈ ಮೂರಕ್ಕೆ ಹೆಚ್ಚು ತೂಕ ಕೊಡಿ.

ಆಮೇಲೆ ನಿಮ್ಮ ಬದುಕಿಗೆ ಸಂಬಂಧಿಸಿದವು ಬರುತ್ತವೆ: ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿಬರಲು ಆಗುತ್ತದೆಯೇ, ಮನೆಯಲ್ಲಿ ದಿನವೂ ಅಭ್ಯಾಸ ಮಾಡುವ ವ್ಯವಧಾನ ಇದೆಯೇ, ಗುದದೊಳಗೆ ಸಲಕರಣೆ ಹಾಕಿಸಿಕೊಳ್ಳಲು ಮನಸ್ಸು ಒಪ್ಪುತ್ತದೆಯೇ, ಖರ್ಚು ಒಂದೇ ಸಲದ್ದೋ ಅಥವಾ ಜೀವಮಾನವಿಡೀ ತಿಂಗಳಿಗಿಷ್ಟು ಎಂದು ಹೋಗುವುದೋ. ಖರ್ಚಿನ ಲೆಕ್ಕವನ್ನು ಒಂದು ಭೇಟಿಗೆ ಹಾಕಬೇಡಿ, ಎರಡು ವರ್ಷಕ್ಕೆ ಹಾಕಿ. ಆಗ ಚಿತ್ರ ಬೇರೆಯೇ ಆಗುತ್ತದೆ.

ಪರೀಕ್ಷೆಗೆ ಮೊದಲೇ ಚಿಕಿತ್ಸೆ ಆರಿಸಬೇಡಿ

ಮಲ ವಿಸರ್ಜನೆ ಆಗುವಾಗ ಎರಡು ಕೆಲಸ ಒಟ್ಟಿಗೆ ನಡೆಯಬೇಕು. ಹೊಟ್ಟೆಯ ಸ್ನಾಯುಗಳು ಒತ್ತಡ ಹಾಕಬೇಕು, ಅದೇ ಹೊತ್ತಿಗೆ ಗುದದ್ವಾರದ ಸ್ನಾಯುವೂ ಮಲಾಶಯದ ಸುತ್ತ ಜೋಳಿಗೆಯ ಪಟ್ಟಿಯಂತೆ ಹಾದುಹೋಗಿರುವ ಪ್ಯೂಬೊರೆಕ್ಟಾಲಿಸ್ ಸ್ನಾಯುವೂ ಸಡಿಲಾಗಬೇಕು. ಕೆಲವರಲ್ಲಿ ಇದು ತಲೆಕೆಳಗಾಗಿರುತ್ತದೆ. ಒತ್ತಡ ಹಾಕಿದಷ್ಟೂ ಕೆಳಗಿನ ಸ್ನಾಯು ಬಿಗಿಯುತ್ತದೆ. ಎಷ್ಟು ತಿಣುಕಿದರೂ ಪೂರ್ತಿ ಆಗಲಿಲ್ಲ ಎಂಬ ಭಾವನೆ, ಬೆರಳು ಹಾಕಿ ತೆಗೆಯಬೇಕಾದ ಸ್ಥಿತಿ, ಮಲ ಮೆತ್ತಗಿದ್ದರೂ ಹೊರಬಾರದ ಹಿಂಸೆ, ಇವೆಲ್ಲ ಅದರ ಲಕ್ಷಣಗಳು. ಇದಕ್ಕೆ ವೈದ್ಯರು ಡಿಸಿನರ್ಜಿಯಾ ಎನ್ನುತ್ತಾರೆ. ಸಾಮಾನ್ಯ ಔಷಧಿಗೆ ಬಗ್ಗದೆ ತಜ್ಞರ ಬಳಿಗೆ ಬರುವ ಮಲಬದ್ಧತೆಯ ರೋಗಿಗಳಲ್ಲಿ ಸುಮಾರು ಮೂರನೇ ಒಂದು ಪಾಲಿಗೆ ಈ ದೋಷ ಕಾಣುತ್ತದೆ. ಅಷ್ಟು ದೊಡ್ಡ ಸಂಖ್ಯೆಯಲ್ಲಿದ್ದರೂ ವರ್ಷಾನುಗಟ್ಟಲೆ ಪತ್ತೆಯಾಗದೆ ಉಳಿಯುತ್ತದೆ, ಏಕೆಂದರೆ ಮಲಬದ್ಧತೆ ಎಂದೊಡನೆ ಎಲ್ಲರ ಕೈಯೂ ಭೇದಿ ಔಷಧಿಯ ಕಡೆಗೇ ಹೋಗುತ್ತದೆ.

ಪತ್ತೆ ಹಚ್ಚಲು ಮೊದಲ ಸಾಧನ ವೈದ್ಯರ ಬೆರಳು. ಕೈಗವಸು ಹಾಕಿ ಒಳಗೆ ಬೆರಳಿಟ್ಟು "ಈಗ ಮಲ ಹೊರಹಾಕುವಂತೆ ಒತ್ತಿ" ಎಂದಾಗ ಸ್ನಾಯು ಸಡಿಲಾಗುತ್ತದೋ ಬಿಗಿಯುತ್ತದೋ ಎಂದು ಅನುಭವಿ ವೈದ್ಯರಿಗೆ ಅಲ್ಲೇ ತಿಳಿಯುತ್ತದೆ. ಇದಕ್ಕೆ ಯಂತ್ರ ಬೇಡ, ಖರ್ಚಿಲ್ಲ. ಸಂಕೋಚದಿಂದ ಇದನ್ನು ಬೇಡವೆನ್ನಬೇಡಿ. ಈ ಪರೀಕ್ಷೆಯನ್ನು ಮಾಡದೆಯೇ ದುಬಾರಿ ಸ್ಕ್ಯಾನ್ ಬರೆದುಕೊಟ್ಟರೆ, ಬೆರಳಿನ ಪರೀಕ್ಷೆ ಯಾಕೆ ಮಾಡಲಿಲ್ಲ ಎಂದು ಕೇಳುವ ಹಕ್ಕು ನಿಮಗಿದೆ.

ಮುಂದಿನದು ಬಲೂನ್ ಪರೀಕ್ಷೆ. ಮಲಾಶಯದೊಳಗೆ ಸಣ್ಣ ಬಲೂನ್ ಇಟ್ಟು 50 ಮಿಲಿಲೀಟರ್ ನೀರು ತುಂಬಿ, ಖಾಸಗಿಯಾಗಿ ಶೌಚದ ಆಸನದ ಮೇಲೆ ಕೂತು ಹೊರಹಾಕಲು ಹೇಳುತ್ತಾರೆ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಆಗಬೇಕು. ಅಗ್ಗದ, ಸರಳ ಪರೀಕ್ಷೆ ಇದು. ಇದರ ಜೊತೆ, ಕೊಳವೆ ಇಟ್ಟು ಒತ್ತಡ ಅಳೆಯುವ ಮ್ಯಾನೊಮೆಟ್ರಿ ಮಾಡಿದರೆ ಮಲಾಶಯದ ಒತ್ತಡ, ಗುದದ ಒತ್ತಡ ಎರಡೂ ಗೆರೆಗಳಾಗಿ ಕಾಣುತ್ತವೆ. ಮಲಾಶಯ ಎಷ್ಟು ತುಂಬಿದಾಗ ನಿಮಗೆ ಅರಿವಾಗುತ್ತದೆ ಎಂಬುದೂ ಗೊತ್ತಾಗುತ್ತದೆ. ಮಲಾಶಯದ ಗೋಡೆ ಉಬ್ಬಿದೆ, ಜಾರಿದೆ ಎಂಬ ಅನುಮಾನವಿದ್ದರೆ ಮಾತ್ರ ಡೆಫಿಕೋಗ್ರಫಿ ಎಂಬ ಚಿತ್ರಪರೀಕ್ಷೆ ಬೇಕಾಗುತ್ತದೆ.

ಒಂದು ಎಚ್ಚರಿಕೆ. ಮ್ಯಾನೊಮೆಟ್ರಿಯಲ್ಲಿ ಎಡಮಗ್ಗುಲಿಗೆ ಮಲಗಿ, ಪಕ್ಕದಲ್ಲಿ ಅಪರಿಚಿತರಿರುವಾಗ, ಒಳಗೊಂದು ಕೊಳವೆ ಇಟ್ಟುಕೊಂಡು ಒತ್ತಡ ಹಾಕಬೇಕು. ಆ ಸ್ಥಿತಿಯಲ್ಲಿ ಏನೂ ತೊಂದರೆಯಿಲ್ಲದ ಆರೋಗ್ಯವಂತರ ಸ್ನಾಯುವೂ ಎಷ್ಟೋ ಸಲ ಬಿಗಿಯುತ್ತದೆ. ಆದ್ದರಿಂದಲೇ ಅಂತಾರಾಷ್ಟ್ರೀಯ ರೋಮ್ ಮಾನದಂಡವು ಬಲೂನ್ ಪರೀಕ್ಷೆ, ಮ್ಯಾನೊಮೆಟ್ರಿ ಅಥವಾ ಸ್ನಾಯುವಿನ ವಿದ್ಯುತ್ ಪರೀಕ್ಷೆ, ಚಿತ್ರಪರೀಕ್ಷೆ ಈ ಮೂರರಲ್ಲಿ ಕನಿಷ್ಠ ಎರಡು ಒಂದೇ ಮಾತು ಹೇಳಬೇಕು ಎನ್ನುತ್ತದೆ. ಒಂದೇ ವರದಿಯ ಮೇಲೆ ಚಿಕಿತ್ಸೆ ನಿರ್ಧರಿಸಿದರೆ ಎರಡನೆಯದನ್ನು ಕೇಳಿ.

ಬಯೋಫೀಡ್‌ಬ್ಯಾಕ್‌ನಲ್ಲಿ ನಿಜಕ್ಕೂ ಏನು ಮಾಡಿಸುತ್ತಾರೆ?

ಹೆಸರು ಕೇಳಿ ಕರೆಂಟ್ ಕೊಡುತ್ತಾರೆ ಎಂದುಕೊಂಡವರಿದ್ದಾರೆ. ಹಾಗಲ್ಲ. ಇದು ಕಲಿಕೆ. ಕೈಕಾಲು ಆಡಿಸಿದರೆ ಕಣ್ಣಿಗೆ ಕಾಣುತ್ತದೆ, ಗುದದ ಸ್ನಾಯು ಏನು ಮಾಡುತ್ತಿದೆ ಎಂಬುದು ಕಾಣುವುದಿಲ್ಲ. ಆ ಸ್ನಾಯುವಿನ ಒತ್ತಡವನ್ನೋ ವಿದ್ಯುತ್ ಚಟುವಟಿಕೆಯನ್ನೋ ಪರದೆಯ ಮೇಲೆ ಗೆರೆಯಾಗಿ ತೋರಿಸಿ, "ಈಗ ನೀವು ಬಿಗಿ ಹಿಡಿದಿದ್ದೀರಿ, ಈಗ ಬಿಟ್ಟಿರಿ" ಎಂದು ಚಿಕಿತ್ಸಕರು ಪಕ್ಕದಲ್ಲಿ ಕೂತು ಹೇಳಿಕೊಡುತ್ತಾರೆ. 1940ರ ದಶಕದಲ್ಲಿ ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ಒತ್ತಡ ಅಳೆಯುವ ಸಲಕರಣೆಯೊಂದನ್ನು ಇಟ್ಟುಕೊಂಡು ಹೆರಿಗೆಯಾದ ಮಹಿಳೆಯರಿಗೆ ಕೆಳಹೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮ ಕಲಿಸಿದರು. 1974ರಲ್ಲಿ ಎಂಗೆಲ್ ಮತ್ತು ಸಂಗಡಿಗರು ಮಲ ಸೋರಿಕೆಯ ರೋಗಿಗಳಿಗೆ ಇದೇ ತತ್ವದ ತರಬೇತಿ ಕೊಟ್ಟು ಫಲಿತಾಂಶ ಪ್ರಕಟಿಸಿದರು. ಮಲಬದ್ಧತೆಗೆ ಇದರ ಬಳಕೆ 1980ರ ದಶಕದಲ್ಲಿ ಶುರುವಾಯಿತು.

ಸಾಮಾನ್ಯವಾಗಿ ನಾಲ್ಕರಿಂದ ಆರು ಭೇಟಿಗಳು, ಒಂದೊಂದೂ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ನಡುವೆ ಒಂದೆರಡು ವಾರದ ಅಂತರ. ಮಲಬದ್ಧತೆಯವರಿಗೆ ಮೊದಲು ಹೊಟ್ಟೆಯಿಂದ ಉಸಿರಾಡುತ್ತಾ ಒತ್ತಡ ಹಾಕುವುದನ್ನು ಕಲಿಸುತ್ತಾರೆ, ಆಮೇಲೆ ಆ ಒತ್ತಡದ ಜೊತೆಗೇ ಕೆಳಗಿನ ಸ್ನಾಯು ಬಿಡುವುದನ್ನು, ಕೊನೆಗೆ ಬಲೂನನ್ನು ಹೊರಹಾಕುವ ಅಭ್ಯಾಸವನ್ನು. ಸೋರಿಕೆಯವರಿಗೆ ಪಾಠ ಬೇರೆ: ಸ್ನಾಯು ಬಿಗಿಹಿಡಿದು ನಿಲ್ಲಿಸುವುದು, ಬಲೂನಿನಲ್ಲಿ ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಮಲಾಶಯಕ್ಕೆ ಏನೋ ಬಂದಿದೆ ಎಂಬುದನ್ನು ಬೇಗ ಗುರುತಿಸುವುದು, ಗುರುತಿಸಿದ ಕ್ಷಣವೇ ಸ್ನಾಯು ಬಿಗಿಯುವುದು. ಒಬ್ಬರ ಪಾಠವನ್ನು ಇನ್ನೊಬ್ಬರಿಗೆ ಕಲಿಸಿದರೆ ಕೆಡುಕೇ ಆಗುತ್ತದೆ. ಸಡಿಲಿಸಲು ಬಾರದವರಿಗೆ ಇನ್ನಷ್ಟು ಬಿಗಿಯುವ ಕೆಗೆಲ್ ವ್ಯಾಯಾಮ ಕೊಡುವುದು ಇವತ್ತಿಗೂ ಕಾಣುವ ತಪ್ಪು.

ಮಲ ಹೊರಬಾರದವರ ಮುಂದಿರುವ ಆಯ್ಕೆಗಳು

ಮೊದಲಿಗೆ ಔಷಧಿ. ಇಸಬ್ಗೋಲಿನಂಥ ನಾರು, ನೀರನ್ನು ಕರುಳಿನಲ್ಲಿ ಹಿಡಿದಿಡುವ ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಲ್ಯಾಕ್ಟುಲೋಸ್, ಕರುಳನ್ನು ಚುರುಕುಗೊಳಿಸುವ ಬಿಸಾಕೊಡಿಲ್ ಮತ್ತು ಸೆನ್ನಾ, ಇವುಗಳಿಗೂ ಬಗ್ಗದಿದ್ದರೆ ಪ್ರುಕಾಲೊಪ್ರೈಡ್ ಅಥವಾ ಲಿನಾಕ್ಲೊಟೈಡ್. ಯಾರೇ ಆಗಲಿ ಇಲ್ಲಿಂದ ಶುರು ಮಾಡುವುದು ಸರಿ. ತಕ್ಷಣ ಸಿಗುತ್ತದೆ, ನಿಲ್ಲಿಸಬಹುದು, ಬಹುಪಾಲು ಮಂದಿಗೆ ಸಾಕಾಗುತ್ತದೆ. ಕಬ್ಬಿಣದ ಮಾತ್ರೆ, ಅಫೀಮಿನಿಂದ ಬಂದ ನೋವಿನ ಮಾತ್ರೆ, ಕೆಲವು ರಕ್ತದೊತ್ತಡದ ಮತ್ತು ಖಿನ್ನತೆಯ ಔಷಧಿಗಳೇ ಮಲಬದ್ಧತೆ ತರುತ್ತವೆ. ಅದನ್ನು ಪರಿಶೀಲಿಸುವುದೂ ಇದೇ ಹಂತದಲ್ಲಿ ಆಗಬೇಕಾದ ಕೆಲಸ. ಆದರೆ ಡಿಸಿನರ್ಜಿಯಾ ಇದ್ದವರಿಗೆ ಔಷಧಿ ಎಂದರೆ ಮುಚ್ಚಿದ ಬಾಗಿಲಿನ ಮುಂದೆ ಇನ್ನಷ್ಟು ಜನರನ್ನು ತಂದು ನಿಲ್ಲಿಸಿದಂತೆ. ಮಲ ನೀರಾಗುವಷ್ಟು ಔಷಧಿ ತೆಗೆದುಕೊಂಡಾಗ ಮಾತ್ರ ಹೊರಗೆ ಬರುತ್ತದೆ, ಜೊತೆಗೆ ಹೊಟ್ಟೆಯುಬ್ಬರ, ಹೊಟ್ಟೆ ನುಲಿತ.

ಔಷಧಿಗಿಂತ ಬಯೋಫೀಡ್‌ಬ್ಯಾಕ್ ಇವರಿಗೆ ಮೇಲು ಎನ್ನಲು ಉತ್ತಮ ಆಧಾರವಿದೆ. ಇಟಲಿಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಡಿಸಿನರ್ಜಿಯಾ ಖಚಿತವಾಗಿದ್ದ 109 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೊಂದರಂತೆ ಐದು ಬಯೋಫೀಡ್‌ಬ್ಯಾಕ್ ಭೇಟಿ, ಇನ್ನೊಂದಕ್ಕೆ ಪಾಲಿಎಥಿಲೀನ್ ಗ್ಲೈಕಾಲ್. ಆರು ತಿಂಗಳ ಬಳಿಕ ಗಣನೀಯ ಸುಧಾರಣೆ ಕಂಡವರು ಮೊದಲ ಗುಂಪಿನಲ್ಲಿ 80 ಶೇಕಡಾ, ಎರಡನೆಯದರಲ್ಲಿ 22 ಶೇಕಡಾ. ಬಯೋಫೀಡ್‌ಬ್ಯಾಕ್ ಗುಂಪಿನ ಲಾಭ ಎರಡು ವರ್ಷದ ಬಳಿಕವೂ ಉಳಿದಿತ್ತು. ಎರಡು ವರ್ಷದ ಲೆಕ್ಕ ಹಾಕಿ ಎಂದು ಮೊದಲೇ ಹೇಳಿದ್ದು ಇದಕ್ಕೇ. ಐದು ಭೇಟಿಗಳ ಖರ್ಚು ಮೇಲ್ನೋಟಕ್ಕೆ ದೊಡ್ಡದು, ಇಪ್ಪತ್ತನಾಲ್ಕು ತಿಂಗಳ ಔಷಧಿ ಮತ್ತು ಅದರ ನಡುವಿನ ವೈದ್ಯರ ಭೇಟಿಗಳನ್ನು ಕೂಡಿಸಿದ ಮೇಲೆ ಹಾಗೆ ಕಾಣುವುದಿಲ್ಲ.

ಸ್ನಾಯು ಸಡಿಲಿಸುವ ಮಾತ್ರೆಯಿಂದ ಆಗದೇ ಎಂದು ಕೇಳುವವರಿಗೂ ಉತ್ತರವಿದೆ. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬಯೋಫೀಡ್‌ಬ್ಯಾಕ್, ಸ್ನಾಯು ಸಡಿಲಿಸುವ ಡಯಾಜೆಪಾಮ್ ಮಾತ್ರೆ, ಔಷಧಿಯೇ ಇಲ್ಲದ ಹುಸಿ ಮಾತ್ರೆ ಮೂರನ್ನೂ ಹೋಲಿಸಿದರು. ಸಾಕಷ್ಟು ಪರಿಹಾರ ಸಿಕ್ಕಿತು ಎಂದವರು ಕ್ರಮವಾಗಿ 70, 23 ಮತ್ತು 38 ಶೇಕಡಾ. ಡಯಾಜೆಪಾಮ್ ಹುಸಿ ಮಾತ್ರೆಗಿಂತ ಮೇಲೇನೂ ಇರಲಿಲ್ಲ.

ಇನ್ನೊಂದು ಫಲಿತಾಂಶವನ್ನು ನೆನಪಿಟ್ಟುಕೊಳ್ಳಿ, ಏಕೆಂದರೆ ಬಯೋಫೀಡ್‌ಬ್ಯಾಕ್ ಕೇಂದ್ರಗಳ ಜಾಹೀರಾತಿನಲ್ಲಿ ಇದು ಸಿಗುವುದಿಲ್ಲ. 2005ರ ಅಧ್ಯಯನದಲ್ಲಿ ಡಿಸಿನರ್ಜಿಯಾ ಇದ್ದವರಲ್ಲಿ 71 ಶೇಕಡಾ ಜನ ತೃಪ್ತಿ ಹೇಳಿದರೆ, ಕರುಳಿನ ಚಲನೆಯೇ ನಿಧಾನವಾಗಿದ್ದು ಡಿಸಿನರ್ಜಿಯಾ ಇಲ್ಲದವರಲ್ಲಿ ಹಾಗೆ ಹೇಳಿದವರು 8 ಶೇಕಡಾ ಮಾತ್ರ. ನಿಮ್ಮದು ನಿಧಾನಗತಿಯ ಕರುಳು ಎಂದು ಖಚಿತವಾಗಿದ್ದರೆ ಬಯೋಫೀಡ್‌ಬ್ಯಾಕ್‌ಗೆ ದುಡ್ಡು ಸುರಿಯಬೇಡಿ, ಔಷಧಿಯೇ ನಿಮ್ಮ ದಾರಿ. ಎರಡೂ ದೋಷ ಒಟ್ಟಿಗಿದ್ದರೆ ಮೊದಲು ಡಿಸಿನರ್ಜಿಯಾ ಸರಿಪಡಿಸಿಕೊಳ್ಳಿ. ಕೆಳಗೆ ತಡೆ ಹೋದ ಮೇಲೆ ಮೇಲಿನ ಚಲನೆಯೂ ಎಷ್ಟೋ ಜನರಲ್ಲಿ ಸುಧಾರಿಸುತ್ತದೆ.

ಬೊಟಾಕ್ಸ್ ಇಂಜೆಕ್ಷನ್ ಮೂರನೆಯ ಆಯ್ಕೆ. ಪ್ಯೂಬೊರೆಕ್ಟಾಲಿಸ್ ಸ್ನಾಯುವಿಗೇ ಚುಚ್ಚಿ ಅದನ್ನು ತಾತ್ಕಾಲಿಕವಾಗಿ ದುರ್ಬಲಗೊಳಿಸುತ್ತಾರೆ. ಪರಿಣಾಮ ಸುಮಾರು ಮೂರು ತಿಂಗಳು, ಆಮೇಲೆ ಮತ್ತೆ ಚುಚ್ಚಿಸಬೇಕು. ಕೆಲವರಿಗೆ ಆ ಅವಧಿಯಲ್ಲಿ ಮಲ ತಡೆಯುವ ಶಕ್ತಿ ಕುಂದುತ್ತದೆ. ಮನಸ್ಸಿಟ್ಟು ತರಬೇತಿ ಮಾಡಿಯೂ ಫಲ ಕಾಣದವರು ಮಾತ್ರ ಇದನ್ನು ಯೋಚಿಸಬಹುದು, ಮೊದಲ ಹೆಜ್ಜೆಯಾಗಿ ಬೇಡ.

ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಮಲಾಶಯ ಪೂರ್ತಿ ಹೊರಜಾರುತ್ತಿದ್ದರೆ ಶಸ್ತ್ರಚಿಕಿತ್ಸೆ ಬೇಕೇ ಬೇಕು. ಆದರೆ ಡೆಫಿಕೋಗ್ರಫಿಯಲ್ಲಿ ಮಲಾಶಯದ ಮುಂಗೋಡೆ ಸ್ವಲ್ಪ ಉಬ್ಬಿದೆ ಎಂಬ ಒಂದು ಸಾಲು ಕಂಡ ಮಾತ್ರಕ್ಕೆ ಕೊಯ್ಯಿಸಿಕೊಳ್ಳಬೇಡಿ. ಏನೂ ತೊಂದರೆಯಿಲ್ಲದ ಮಹಿಳೆಯರಲ್ಲೂ ಅಂಥ ಉಬ್ಬು ಸಾಮಾನ್ಯ. ವರ್ಷಗಟ್ಟಲೆ ತಿಣುಕಿದ ಪರಿಣಾಮವಾಗಿಯೂ ಅದು ಬಂದಿರಬಹುದು. ತಿಣುಕುವ ಅಭ್ಯಾಸ ಬದಲಾಗದೆ ಉಬ್ಬನ್ನು ಮಾತ್ರ ಹೊಲಿದರೆ ಕಾರಣ ಹಾಗೇ ಉಳಿಯುತ್ತದೆ. ನಿಧಾನಗತಿಯ ಕರುಳಿಗೆ ದೊಡ್ಡ ಕರುಳನ್ನೇ ತೆಗೆಯುವ ಶಸ್ತ್ರಚಿಕಿತ್ಸೆಯೂ ಇದೆ. ಡಿಸಿನರ್ಜಿಯಾ ಇಲ್ಲವೆಂದು ಖಚಿತವಾಗುವ ಮೊದಲು ಅದಕ್ಕೆ ಒಪ್ಪಬೇಡಿ.

ಮಲ ಸೋರಿಕೆಯವರಿಗೆ ಲೆಕ್ಕ ಬೇರೆ

ಇಲ್ಲಿ ಬಯೋಫೀಡ್‌ಬ್ಯಾಕ್‌ನ ಆಧಾರ ಮಲಬದ್ಧತೆಯಲ್ಲಿದ್ದಷ್ಟು ಸ್ಪಷ್ಟವಿಲ್ಲ. 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬಯೋಫೀಡ್‌ಬ್ಯಾಕ್ ಪಡೆದವರಲ್ಲಿ 76 ಶೇಕಡಾ, ಬರೀ ವ್ಯಾಯಾಮ ಕಲಿತವರಲ್ಲಿ 41 ಶೇಕಡಾ ಜನ ಮೂರು ತಿಂಗಳಲ್ಲಿ ಸಾಕಷ್ಟು ಪರಿಹಾರ ಕಂಡರು. ಆದರೆ ಇಂಗ್ಲೆಂಡಿನಲ್ಲಿ 171 ಜನರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಳ್ಳೆಯ ಸಲಹೆ ಮತ್ತು ಆರೈಕೆ ಪಡೆದವರೂ ಬಯೋಫೀಡ್‌ಬ್ಯಾಕ್ ಪಡೆದವರೂ ಒಂದೇ ಪ್ರಮಾಣದಲ್ಲಿ, ಅರ್ಧಕ್ಕಿಂತ ತುಸು ಹೆಚ್ಚು ಮಂದಿ, ಸುಧಾರಿಸಿದರು. ಅಮೆರಿಕದಲ್ಲಿ 300 ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲೂ, 24 ವಾರಗಳ ಬಳಿಕ, ಬಯೋಫೀಡ್‌ಬ್ಯಾಕ್ ಜೊತೆಗಿನ ವ್ಯಾಯಾಮ ಮಾಡಿದವರಿಗೂ ಮಾಹಿತಿ ಪುಸ್ತಿಕೆ ಮಾತ್ರ ಪಡೆದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಈ ವಿರೋಧವನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. 2009ರ ಪ್ರಯೋಗದಲ್ಲಿ ಎಲ್ಲರಿಗೂ ಮೊದಲು ಕೆಲವು ವಾರ ಮಾಹಿತಿ ಮತ್ತು ಔಷಧಿ ಕೊಟ್ಟು, ಅಷ್ಟರಿಂದಲೇ ಸುಧಾರಿಸಿದವರನ್ನು ಹೊರಗಿಟ್ಟಿದ್ದರು. ಉಳಿದವರು ಸರಳ ಉಪಾಯಕ್ಕೆ ಬಗ್ಗದವರು. ಅವರಲ್ಲಿ ಬಯೋಫೀಡ್‌ಬ್ಯಾಕ್ ಕೆಲಸ ಮಾಡಿತು. ಹಾಗಿದ್ದರೆ ಬಜೆಟ್ ನೋಡಿಕೊಳ್ಳಬೇಕಾದವರಿಗೆ ದಾರಿ ಸ್ಪಷ್ಟ: ಮೊದಲು ಮಲದ ಹದ ಸರಿಪಡಿಸಿ. ತೆಳು ಮಲವನ್ನು ಆರೋಗ್ಯವಂತ ಸ್ನಾಯುವಿಗೂ ತಡೆಯುವುದು ಕಷ್ಟ. ಇಸಬ್ಗೋಲು ಮಲವನ್ನು ಗಟ್ಟಿಯಾಗಿ ಕೂಡಿಸುತ್ತದೆ, ಲೋಪೆರಮೈಡ್ ಭೇದಿಯನ್ನು ತಡೆಯುತ್ತದೆ. ಪಿತ್ತಕೋಶ ತೆಗೆಸಿದ ಮೇಲೆ ಭೇದಿ ಶುರುವಾಯಿತೇ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ಹೆಚ್ಚಿಸಿದ ಮೇಲೆ ಶುರುವಾಯಿತೇ ಎಂದು ನೋಡಿ. ಹಾಗಿದ್ದಲ್ಲಿ ಸೋರಿಕೆಯ ಮದ್ದು ಅಲ್ಲೇ ಇರಬಹುದು. ಇಷ್ಟಾದ ಮೇಲೂ ಸೋರಿಕೆ ಉಳಿದರೆ ಆಗ ಬಯೋಫೀಡ್‌ಬ್ಯಾಕ್. ಅದರಲ್ಲೂ ಮಲಾಶಯದ ಸಂವೇದನೆ ಮಂದವಾಗಿದೆ ಎಂದು ಮ್ಯಾನೊಮೆಟ್ರಿ ಹೇಳಿದವರಿಗೆ, ವ್ಯಾಯಾಮದ ಕಾಗದ ಕೊಟ್ಟರೂ ಯಾವ ಸ್ನಾಯು ಬಿಗಿಯಬೇಕೆಂದೇ ತಿಳಿಯದವರಿಗೆ, ಬಲೂನ್ ಮತ್ತು ಪರದೆ ಕೊಡುವ ಪಾಠ ಮನೆಯಲ್ಲಿ ಸಿಗುವಂಥದ್ದಲ್ಲ.

ತರಬೇತಿಗೂ ಬಗ್ಗದ ತೀವ್ರ ಸೋರಿಕೆಗೆ ಸೇಕ್ರಲ್ ನರ ಪ್ರಚೋದನೆ ಇದೆ. ಬೆನ್ನಿನ ಕೆಳತುದಿಯ ನರದ ಬಳಿ ತಂತಿ ಇಟ್ಟು ಸಣ್ಣ ಸಲಕರಣೆಯಿಂದ ನಿರಂತರ ಮೃದು ಸಂಕೇತ ಕಳಿಸುತ್ತಾರೆ. ಸೋರಿಕೆಗೆ ಇದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲಿ ಒಪ್ಪಿತು. ಬಹಳ ದುಬಾರಿ. ಚರ್ಮದಡಿಯ ಸಲಕರಣೆಗೆ ಸೋಂಕು ತಗಲಬಹುದು, ಬ್ಯಾಟರಿ ಮುಗಿದರೆ ಬದಲಿಸಬೇಕಾಗಬಹುದು. ಆದರೂ ಒಂದು ದೊಡ್ಡ ಅನುಕೂಲವಿದೆ. ಮೊದಲು ತಾತ್ಕಾಲಿಕವಾಗಿ ಹಾಕಿ ನೋಡುತ್ತಾರೆ, ಸೋರಿಕೆ ಅರ್ಧಕ್ಕಿಂತ ಕಡಿಮೆಯಾದರೆ ಮಾತ್ರ ಶಾಶ್ವತವಾಗಿ ಅಳವಡಿಸುತ್ತಾರೆ. ಹೀಗೆ ಪರೀಕ್ಷಿಸಿ ಕೊಳ್ಳುವ ಅವಕಾಶ ಸ್ನಾಯು ಹೊಲಿಯುವಂಥ ಶಸ್ತ್ರಚಿಕಿತ್ಸೆಯಲ್ಲಿ ಇಲ್ಲ. ಪಾದದ ಬಳಿ ಸೂಜಿ ಚುಚ್ಚಿ ಮಾಡುವ ಟಿಬಿಯಲ್ ನರ ಪ್ರಚೋದನೆ ಅಗ್ಗವೆಂದು ಅದರ ಕಡೆ ಹೋಗುವವರು 2015ರ ಬ್ರಿಟಿಷ್ ಪ್ರಯೋಗದ ಫಲ ತಿಳಿದಿರಲಿ: ನಿಜ ಚಿಕಿತ್ಸೆಯಲ್ಲಿ 38 ಶೇಕಡಾ, ಹುಸಿ ಚಿಕಿತ್ಸೆಯಲ್ಲಿ 31 ಶೇಕಡಾ ಜನರಿಗೆ ಪ್ರಯೋಜನ. ಆ ಅಂತರ ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣದು.

ಹೆರಿಗೆಯಲ್ಲಿ ಗುದದ ಸ್ನಾಯು ಹರಿದಿದ್ದರೆ ಅದನ್ನು ಹೊಲಿಯುವ ಶಸ್ತ್ರಚಿಕಿತ್ಸೆ ಇದೆ. ಮೊದಮೊದಲು ಚೆನ್ನಾಗಿರುತ್ತದೆ, ಐದು ಹತ್ತು ವರ್ಷದಲ್ಲಿ ಲಾಭ ಕರಗುತ್ತಾ ಹೋಗುತ್ತದೆ. ಈಚೆಗೆ ಹರಿದದ್ದಾದರೆ ಒಪ್ಪಿಕೊಳ್ಳಬಹುದು. ಹತ್ತಾರು ವರ್ಷ ಹಳೆಯ ಗಾಯವಾದರೆ ಮೊದಲು ತರಬೇತಿ, ಆಮೇಲೆ ನರ ಪ್ರಚೋದನೆ ಎಂಬ ಕ್ರಮವೇ ಮೇಲು.

ಗುದದೊಳಗಿನ ಹಳೆಯ ನೋವು

ಇದು ಕಡಿಮೆ ಜನರ ಸಮಸ್ಯೆ, ಆದರೆ ಇವರಷ್ಟು ಅಲೆದಾಡಿದವರು ಬೇರೆ ಇಲ್ಲ. ಮೂಲವ್ಯಾಧಿ ಎಂದು ಚಿಕಿತ್ಸೆ ಪಡೆದು, ಕೊಯ್ಯಿಸಿಕೊಂಡೂ ನೋವು ಹೋಗಿರುವುದಿಲ್ಲ. ಬೆರಳಿನ ಪರೀಕ್ಷೆಯಲ್ಲಿ ಕೆಳಹೊಟ್ಟೆಯ ತಳದ ಲೆವೇಟರ್ ಸ್ನಾಯುವನ್ನು ಹಿಂದಕ್ಕೆ ಎಳೆದಾಗ ನೋವಾಗುತ್ತದೆಯೇ ಎಂಬುದು ಇಲ್ಲಿ ನಿರ್ಣಾಯಕ. 157 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಾಗೆ ನೋವಾಗುವವರಲ್ಲಿ ಸಾಕಷ್ಟು ಪರಿಹಾರ ಕಂಡವರು ಬಯೋಫೀಡ್‌ಬ್ಯಾಕ್‌ನಿಂದ 87 ಶೇಕಡಾ, ವಿದ್ಯುತ್ ಪ್ರಚೋದನೆಯಿಂದ 45, ಸ್ನಾಯುವಿನ ಮಸಾಜ್‌ನಿಂದ 22. ಎಳೆದಾಗ ನೋವಾಗದವರಿಗೆ ಮೂರರಿಂದಲೂ ಪ್ರಯೋಜನವಾಗಲಿಲ್ಲ. ಒಂದು ಬೆರಳಿನ ಪರೀಕ್ಷೆ ಇಷ್ಟು ಖರ್ಚನ್ನು ಉಳಿಸುತ್ತದೆ.

ಬಯೋಫೀಡ್‌ಬ್ಯಾಕ್ ಎಂದು ನಿರ್ಧರಿಸಿದ ಮೇಲೆ: ಎಲ್ಲಿ, ಯಾವ ಯಂತ್ರದಲ್ಲಿ?

ಯಂತ್ರದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಒತ್ತಡ ಅಳೆಯುವ ಮ್ಯಾನೊಮೆಟ್ರಿ ಕೊಳವೆ, ಸ್ನಾಯುವಿನ ವಿದ್ಯುತ್ ಅಳೆಯುವ ಇಎಂಜಿ ಸಂವೇದಕ, ಬರೀ ಬಲೂನ್, ಇವುಗಳಲ್ಲಿ ಒಂದು ಇನ್ನೊಂದಕ್ಕಿಂತ ಖಂಡಿತ ಮೇಲು ಎನ್ನಲು ಆಧಾರವಿಲ್ಲ. ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಸಂಸ್ಥೆಯ 2014ರ ವಿಮರ್ಶೆಯೂ ಯಾವ ವಿಧಾನ ಶ್ರೇಷ್ಠ ಎಂದು ತೀರ್ಪು ಕೊಡುವಷ್ಟು ಸಾಕ್ಷ್ಯ ಕಾಣಲಿಲ್ಲ. ಸಂವೇದನೆಯ ತರಬೇತಿ ಬೇಕಾದವರಿಗೆ ಬಲೂನ್ ಇರುವ ವ್ಯವಸ್ಥೆಯೇ ಬೇಕು, ಅಷ್ಟೇ. ಹೊಸ ಯಂತ್ರ ಎಂಬ ಕಾರಣಕ್ಕೆ ಹೆಚ್ಚು ಶುಲ್ಕ ಕೇಳುವ ಕಡೆಗಿಂತ, ಹಳೆಯ ಯಂತ್ರದ ಪಕ್ಕದಲ್ಲಿ ಒಂದು ಗಂಟೆ ಕೂತು ಕಲಿಸುವ ಚಿಕಿತ್ಸಕರಿರುವ ಕಡೆ ಹೋಗಿ. ಫೋನ್ ಮಾಡಿದಾಗಲೇ ಕೇಳಿ: ಕಲಿಸುವವರು ಯಾರು, ಪ್ರತಿ ಭೇಟಿಯಲ್ಲೂ ಅವರೇ ಇರುತ್ತಾರೆಯೇ, ಮಲಬದ್ಧತೆಯ ರೋಗಿಗಳಿಗೆ ಸಡಿಲಿಸುವ ಪಾಠ ಕೊಡುತ್ತಾರೋ ಎಲ್ಲರಿಗೂ ಬಿಗಿಯುವ ಪಾಠವೋ, ಕೊನೆಯಲ್ಲಿ ಬಲೂನ್ ಪರೀಕ್ಷೆ ಮತ್ತೆ ಮಾಡಿ ಫಲ ಅಳೆಯುತ್ತಾರೆಯೇ? ಕೊನೆಯ ಪ್ರಶ್ನೆಗೆ ತಡವರಿಸಿದರೆ ಬೇರೆ ಕಡೆ ನೋಡಿ.

ದೂರದವರಿಗೆ, ಕೆಲಸಕ್ಕೆ ರಜೆ ಸಿಗದವರಿಗೆ ಮನೆಯಲ್ಲೇ ಮಾಡುವ ಬಯೋಫೀಡ್‌ಬ್ಯಾಕ್ ಒಳ್ಳೆಯ ಆಯ್ಕೆ. ಅಮೆರಿಕದಲ್ಲಿ 100 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಡಿಸಿನರ್ಜಿಯಾಗೆ ಮನೆಯ ತರಬೇತಿಯ ಫಲ ಆಸ್ಪತ್ರೆಯ ತರಬೇತಿಗೆ ಸರಿಸುಮಾರು ಸಮನಾಗಿತ್ತು. ಆದರೆ ಅಲ್ಲಿನವರಿಗೆ ಮೊದಲು ಸರಿಯಾಗಿ ರೋಗ ಪತ್ತೆ ಮಾಡಿ, ಸಲಕರಣೆ ಬಳಸುವುದನ್ನು ಕಲಿಸಿ ಕಳಿಸಿದ್ದರು. ಆನ್‌ಲೈನಿನಲ್ಲಿ ಸಿಗುವ ಕೆಗೆಲ್ ಯಂತ್ರ ತರಿಸಿಕೊಂಡು ತಾವೇ ಶುರು ಮಾಡುವುದಕ್ಕೆ ಆ ಫಲಿತಾಂಶ ಅನ್ವಯಿಸುವುದಿಲ್ಲ. ನನ್ನ ಸಲಹೆ ನಡುವಿನ ದಾರಿ: ಮೊದಲ ಎರಡು ಭೇಟಿ ಚಿಕಿತ್ಸಕರ ಬಳಿ, ಪಾಠ ಕೈಗೆ ಬಂದಿದೆ ಎಂದು ಪರದೆಯಲ್ಲಿ ಕಂಡ ಮೇಲೆ ಉಳಿದದ್ದು ಮನೆಯಲ್ಲಿ.

ಭೇಟಿಗೇ ದುಡ್ಡು ಹೊಂದದವರು ಕೈಕಟ್ಟಿ ಕೂರಬೇಕಿಲ್ಲ. ತರಬೇತಿಯ ಕೆಲವು ಭಾಗಗಳಿಗೆ ಯಂತ್ರವೇ ಬೇಡ. ಎತ್ತರದ ಆಸನವಾದರೆ ಕಾಲಡಿ ಸಣ್ಣ ಮಣೆ ಇಟ್ಟು ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವಂತೆ ಕೂರಿ. ಬೆಳಗ್ಗೆ ಎದ್ದ ಮೇಲೆ ಮತ್ತು ಊಟವಾದ ಅರ್ಧ ಗಂಟೆಯೊಳಗೆ ಕರುಳು ತಾನಾಗಿ ಚುರುಕಾಗಿರುತ್ತದೆ, ಆ ಹೊತ್ತನ್ನು ಬಳಸಿಕೊಳ್ಳಿ. ಉಸಿರು ಕಟ್ಟಿ ತಿಣುಕದೆ, ಹೊಟ್ಟೆ ಮುಂದಕ್ಕೆ ಉಬ್ಬುವಂತೆ ಉಸಿರೆಳೆದು ನಿಧಾನವಾಗಿ ಒತ್ತಡ ಹಾಕಿ. ಐದು ನಿಮಿಷದಲ್ಲಿ ಆಗದಿದ್ದರೆ ಎದ್ದುಬನ್ನಿ. ಆರು ವಾರ ಇದನ್ನು ನಿಷ್ಠೆಯಿಂದ ಮಾಡಿ ನೋಡಿ. ಸುಧಾರಿಸದಿದ್ದರೂ, ಮುಂದೆ ತರಬೇತಿಗೆ ಹೋದಾಗ ಇವನ್ನು ಮತ್ತೆ ಕಲಿಯುವ ಖರ್ಚು ಉಳಿಯುತ್ತದೆ.

ಯಾರಿಗೆ ಇದು ಹೊಂದುವುದಿಲ್ಲ?

ಮಕ್ಕಳ ಮಲಬದ್ಧತೆಗೆ ಬಯೋಫೀಡ್‌ಬ್ಯಾಕ್ ಹೆಚ್ಚಿನ ಲಾಭ ಕೊಡುವುದಿಲ್ಲ ಎಂದು ಪ್ರಯೋಗಗಳು ತೋರಿಸಿವೆ. ಅವರಿಗೆ ಸಾಕಷ್ಟು ಪ್ರಮಾಣದ ಔಷಧಿ, ದಿನವೂ ಒಂದೇ ಹೊತ್ತಿಗೆ ಕೂರುವ ಅಭ್ಯಾಸ, ಗದರದ ಹೆತ್ತವರು ಬೇಕು. ಮಗುವಿನ ಚಡ್ಡಿಯಲ್ಲಿ ಮಲ ಸೋರಿದ್ದು ಕಂಡರೆ ಅದು ಹಟವಲ್ಲ. ಒಳಗೆ ಗಟ್ಟಿಯಾಗಿ ಕೂತ ಮಲದ ಪಕ್ಕದಿಂದ ತೆಳುವಾದದ್ದು ಜಾರಿ ಬರುತ್ತಿರುತ್ತದೆ. ಹೇಳಿದ್ದನ್ನು ನೆನಪಿಟ್ಟುಕೊಳ್ಳಲಾಗದ ಮರೆವಿನ ಕಾಯಿಲೆಯ ಹಿರಿಯರಿಗೂ ಈ ಕಲಿಕೆ ಕಷ್ಟ. ಅವರಿಗೆ ನಿಗದಿತ ಹೊತ್ತಿಗೆ ಶೌಚಕ್ಕೆ ಕರೆದೊಯ್ಯುವುದು, ಬೇಕಾದರೆ ಸಪೊಸಿಟರಿ (ಗುದದೊಳಗೆ ಇಡುವ ಔಷಧಿ) ಅಥವಾ ಎನಿಮಾ ಬಳಸಿ ಮಲಾಶಯ ಖಾಲಿ ಇಡುವುದು ಹೆಚ್ಚು ಉಪಕಾರಿ. ಬೆನ್ನುಹುರಿಗೆ ಪೂರ್ತಿ ಪೆಟ್ಟಾಗಿ ಸ್ನಾಯುವಿಗೆ ಸಂದೇಶವೇ ತಲುಪದವರಿಗೂ ಇದರಿಂದ ಪ್ರಯೋಜನ ಕಡಿಮೆ. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಅನುಭವಿಸಿದವರಿಗೆ ಗುದದೊಳಗಿನ ಸಲಕರಣೆ ಹಳೆಯ ಗಾಯವನ್ನು ಕೆದಕಬಹುದು. ಚಿಕಿತ್ಸಕರಿಗೆ ಮೊದಲೇ ಹೇಳಿ. ಚರ್ಮದ ಮೇಲೆ ಮಾತ್ರ ಅಂಟಿಸುವ ಸಂವೇದಕಗಳಿಂದಲೂ ಕಲಿಸಬಹುದು, ಬೇಡವೆಂದಾಗ ನಿಲ್ಲಿಸುವ ಹಕ್ಕು ಯಾವಾಗಲೂ ನಿಮ್ಮದೇ.

ಎಷ್ಟು ದಿನ ನೋಡಬೇಕು ಎಂದು ಮೊದಲೇ ನಿರ್ಧರಿಸಿಕೊಳ್ಳಿ. ಆರು ಭೇಟಿ, ನಡುವೆ ಮನೆಯ ಅಭ್ಯಾಸ, ಒಟ್ಟು ಮೂರು ತಿಂಗಳು. ಈ ಅವಧಿಯಲ್ಲಿ ಸಣ್ಣ ಪುಸ್ತಕದಲ್ಲಿ ಬರೆದಿಡಿ: ತಿಣುಕಿದೆನೇ, ಪೂರ್ತಿ ಆಯಿತೇ, ಬೆರಳು ಬೇಕಾಯಿತೇ, ಎಷ್ಟು ಸಲ ಸೋರಿತು. ಪರದೆಯ ಗೆರೆ ಸುಧಾರಿಸಿಯೂ ಪುಸ್ತಕದ ಲೆಕ್ಕ ಬದಲಾಗದಿದ್ದರೆ ಇನ್ನಷ್ಟು ಭೇಟಿಗಳನ್ನು ಖರೀದಿಸುವ ಬದಲು ಕರುಳಿನ ಚಲನೆಯ ಪರೀಕ್ಷೆ, ಡೆಫಿಕೋಗ್ರಫಿ ಆಗಿಲ್ಲದಿದ್ದರೆ ಮಾಡಿಸಿ. ಗೆರೆಯೇ ಬದಲಾಗದಿದ್ದರೆ ಚಿಕಿತ್ಸಕರನ್ನು ಬದಲಿಸಿ ನೋಡಿ.

ಕೊನೆಯದಾಗಿ, ಈ ಯಾವ ಆಯ್ಕೆಗೂ ಮೊದಲು ಬರಬೇಕಾದ ಒಂದು ಮಾತು. ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿದ ತೂಕ, ರಕ್ತಹೀನತೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್, ನಡುವಯಸ್ಸಿನ ಮೇಲೆ ಹೊಸದಾಗಿ ಬದಲಾದ ಶೌಚದ ರೀತಿ, ಇವುಗಳಲ್ಲಿ ಒಂದಿದ್ದರೂ ಕೊಲೊನೊಸ್ಕೋಪಿ ಬೇಕೇ ಎಂದು ವೈದ್ಯರನ್ನು ಕೇಳಿದ ಮೇಲೆಯೇ ಬಯೋಫೀಡ್‌ಬ್ಯಾಕ್ ಮಾತು. ತೊಡೆಗಳ ನಡುವೆ ಜೋಮು ಹಿಡಿದು, ಜೊತೆಗೆ ಮೂತ್ರ ಕಟ್ಟಿದರೆ ಅಥವಾ ಮಲದ ಹಿಡಿತ ಹಠಾತ್ತನೆ ತಪ್ಪಿದರೆ ಬೆನ್ನುಹುರಿಯ ಬುಡದ ನರಗಳು ಒತ್ತಿಹೋಗಿರಬಹುದು. ಆಗ ನಾಳೆಗೆಂದು ಕಾಯದೆ ಅದೇ ದಿನ ತುರ್ತು ವಿಭಾಗಕ್ಕೆ ಹೋಗಿ.